ಸಮುದಾಯ ಆರೋಗ್ಯ ಅಗತ್ಯ ಸಮೀಕ್ಷೆ

ಒಂದು ಊರಿನವರನ್ನು ಯಾವ ಕಾಯಿಲೆ, ಯಾವ ಕೊರತೆ ಹೆಚ್ಚು ಕಾಡುತ್ತಿದೆ, ಮೊದಲು ಯಾವುದಕ್ಕೆ ಕೈಹಾಕಬೇಕು ಎಂಬುದನ್ನು ಅಂಕಿಅಂಶ ಮತ್ತು ಊರವರ ಮಾತು ಎರಡನ್ನೂ ಕೂಡಿಸಿ ತೀರ್ಮಾನಿಸುವ ಕೆಲಸವಿದು. ಅಮೆರಿಕದ 2010ರ ಆರೋಗ್ಯ ಕಾಯ್ದೆಯಂತೆ ಅಲ್ಲಿನ ಲಾಭರಹಿತ ಆಸ್ಪತ್ರೆಗಳು ಮೂರು ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು. ನಮ್ಮಲ್ಲಿ ಈ ಹೊರೆಯ ಬಹುಪಾಲು ಉಪಕೇಂದ್ರದ ನರ್ಸ್ ಮತ್ತು ಆಶಾ ಕಾರ್ಯಕರ್ತೆಯ ಹೆಗಲ ಮೇಲಿದೆ.

ಹಳೆಯ ಮೈಸೂರಿಗೆ ಇಂಥ ಸಮೀಕ್ಷೆ ಹೊಸದೇನಲ್ಲ. 1920ರ ದಶಕದ ಕೊನೆಯಲ್ಲೇ ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯ, ಕೊಕ್ಕೆಹುಳುಗಳ ತಪಾಸಣೆ ನಡೆಸಿತ್ತು. ಮುಂದೆ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದಾಗ ಮಂಡ್ಯ ಸೀಮೆಗೆ ಭತ್ತ, ಕಬ್ಬಿನ ಜೊತೆ ಮಲೇರಿಯವೂ ಬಂತು. ಸ್ವಾತಂತ್ರ್ಯಾನಂತರ ದಶಕಗಳ ಕಾಲ ಹಳ್ಳಿಯ ಆರೋಗ್ಯ ಯೋಜನೆ ಎಂದರೆ ಮೇಲಿನಿಂದ ಬರುವ ಸಂತಾನಹರಣ ಚಿಕಿತ್ಸೆಯ ಗುರಿ ಎಂಬಂತಾಗಿತ್ತು. ಕೇಂದ್ರ ಸರ್ಕಾರ ಆ ಗುರಿಗಳನ್ನು ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. ಮರುವರ್ಷ ಬಂದ ಹೊಸ ಪದ್ಧತಿಯಲ್ಲಿ ಉಪಕೇಂದ್ರವೇ ತನ್ನ ಹಳ್ಳಿಗಳ ಅಗತ್ಯ ಲೆಕ್ಕಹಾಕಿ ವಾರ್ಷಿಕ ಯೋಜನೆ ಬರೆಯಬೇಕಾಯಿತು.

ಮೊದಲ ಹೆಜ್ಜೆ ಇರುವ ದಾಖಲೆಗಳನ್ನು ಕೂಡಿಹಾಕುವುದು. ಇಲ್ಲೇ ತೊಡಕು. ಜನಗಣತಿಯ ಅಂಕಿ 2011ರದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ. ಆದರೆ ಅದರ ಲೆಕ್ಕ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ, ಊರಿಗೆ ಇಳಿಯುವುದಿಲ್ಲ. ಊರಿನ ಚಿತ್ರ ಬೇಕಾದರೆ ಮನೆಮನೆಗೆ ಹೋಗಲೇಬೇಕು. ಸುಮಾರು 1,000 ಜನರಿಗೆ ಒಬ್ಬರಂತಿರುವ ಆಶಾ ಕಾರ್ಯಕರ್ತೆಯರು 30 ದಾಟಿದವರ ಬಿಪಿ, ಶುಗರ್ ಅಪಾಯವನ್ನು ಅಂದಾಜು ಮಾಡುವ ನಮೂನೆ ತುಂಬುತ್ತಾರೆ. 2022ರ ನಂತರ ವೈದ್ಯ ವಿದ್ಯಾರ್ಥಿಗಳೂ ಕೆಲವು ಕುಟುಂಬಗಳನ್ನು ದತ್ತು ಪಡೆದು ಗಮನಿಸಬೇಕೆಂಬ ನಿಯಮವಿದೆ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿರುವುದು ಈ ಸೀಮೆಗೆ ಅನುಕೂಲ.

ನಮೂನೆಯಲ್ಲಿ ಕೇಳದ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಮಂಡ್ಯಕ್ಕೂ ಮದ್ದೂರಿಗೂ ನಡುವಿನ ಹನಕೆರೆಯನ್ನೇ ನೋಡಿ. 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಹತ್ತಿರದ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ರಸ್ತೆ ದಾಟಲು ಅಂಡರ್‌ಪಾಸ್ ಬೇಕೆಂದು ಹನಕೆರೆಯವರು ಪ್ರತಿಭಟನೆಗೆ ಇಳಿದರು. ಅಪಘಾತಗಳು ಹೆಚ್ಚಿದ್ದರಿಂದ ಅದೇ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ಜ್ವರ, ಬಸುರಿ, ಲಸಿಕೆಯ ರಿಜಿಸ್ಟರುಗಳನ್ನಷ್ಟೇ ತಿರುವಿಹಾಕುವ ಸಮೀಕ್ಷಕನಿಗೆ ಈ ರಸ್ತೆ ಕಾಣಿಸುವುದೇ ಇಲ್ಲ; ಡೈರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕೇಳಿದರೆ ಮೊದಲು ಬರುವ ದೂರು ಅದೇ ಆದೀತು.

ಕೇಳಿದರೂ ಯಾರೂ ಹೇಳದ ಸಂಗತಿಗಳುಂಟು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಹೊರಬಿತ್ತು. ಅದನ್ನು ಬಯಲಿಗೆಳೆದದ್ದು ಬೆಂಗಳೂರಿನ ಪೊಲೀಸರು, ಯಾವ ಪ್ರಶ್ನಾವಳಿಯೂ ಅಲ್ಲ. ಇಂಥ ಕಡೆ ಹುಟ್ಟಿದ ಗಂಡು, ಹೆಣ್ಣು ಮಕ್ಕಳ ಲೆಕ್ಕವನ್ನು ವರ್ಷವರ್ಷವೂ ಹೋಲಿಸುವುದೇ ದಾರಿ. ಹೊರಗಿನಿಂದ ಬಂದು ಕಬ್ಬು ಕಡಿಯುವವರು, ಆಲೆಮನೆಯಲ್ಲೇ ಉಳಿಯುವ ಕೂಲಿಗಳು ಮತದಾರರ ಪಟ್ಟಿಯಲ್ಲೂ ಇಲ್ಲ, ಪಡಿತರ ಪಟ್ಟಿಯಲ್ಲೂ ಇಲ್ಲ. ಮನೆ ನಂಬರಿನ ಪ್ರಕಾರ ಮಾದರಿ ಆರಿಸಿದರೆ ಅವರು ತಪ್ಪಿಹೋಗುತ್ತಾರೆ.

ಸಿಕ್ಕ ಸಮಸ್ಯೆಗಳನ್ನು ಎಷ್ಟು ಜನರಿಗೆ ತಟ್ಟಿದೆ, ಎಷ್ಟು ತೀವ್ರ, ಪರಿಹಾರ ಎಷ್ಟು ಫಲಿಸೀತು ಎಂದು ತೂಗಿ ಆದ್ಯತೆಯ ಪಟ್ಟಿ ಮಾಡುತ್ತಾರೆ. ಆಮೇಲೆ ಅದನ್ನು ಗ್ರಾಮಸಭೆಯ ಮುಂದೆ ಓದಬೇಕು. ಹೆಚ್ಚಿನ ಸಮೀಕ್ಷೆಗಳು ಸೋಲುವುದು ಇಲ್ಲೇ: ವರದಿ ಜಿಲ್ಲಾ ಕಚೇರಿಗೆ ಹೋಗುತ್ತದೆ, ಉತ್ತರ ಕೊಟ್ಟ ಊರಿಗೆ ಮರಳುವುದಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ನಿಗದಿಯಾದ ಮುಕ್ತ ನಿಧಿ 10,000 ರೂಪಾಯಿ. ಅದರಲ್ಲಿ ಚರಂಡಿ ಶುಚಿ ಮಾಡಿಸಬಹುದು. ಅಂಡರ್‌ಪಾಸ್ ಬೇಕಿದ್ದರೆ ವರದಿಯನ್ನು ಹೆದ್ದಾರಿ ಪ್ರಾಧಿಕಾರಕ್ಕೇ ಕಳಿಸಬೇಕಾಗುತ್ತದೆ.