ಅಕ್ಷರವೋ ಆದೇಶವೋ? ಒಂದು ಪಠ್ಯ ಸಂಪಾದಕದ ಇತಿಹಾಸದಿಂದ

ಕರಿಹಲಗೆಯ ಮೇಲೆ ‘3 + 4’ ಎಂದು ಬರೆದು ಇಬ್ಬರು ವಿದ್ಯಾರ್ಥಿಗಳನ್ನು ಕರೆಯಿರಿ. ಒಬ್ಬನಿಗೆ ‘ಇದನ್ನು ನಕಲು ಮಾಡು’ ಎನ್ನಿ; ಇನ್ನೊಬ್ಬಳಿಗೆ ‘ಇದರ ಬೆಲೆ ಕಂಡುಹಿಡಿ’ ಎನ್ನಿ. ಆತ ಮೂರು ಚಿಹ್ನೆಗಳನ್ನು ಬರೆಯುತ್ತಾನೆ, ಆಕೆ 7 ಎಂದು ಬರೆಯುತ್ತಾಳೆ. ಹಲಗೆಯ ಮೇಲಿದ್ದದ್ದು ಒಂದೇ. ಒಬ್ಬರಿಗೆ ಅದು ಬರಿಯ ಪಠ್ಯ, ಇನ್ನೊಬ್ಬರಿಗೆ ಆದೇಶ. ಗಣಕಕ್ಕೆ ಇವೆರಡರ ವ್ಯತ್ಯಾಸವನ್ನು ಯಾರು ಹೇಳಬೇಕು? ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಂದೇ ಒಂದು ಆಜ್ಞೆಯನ್ನು ಹಿಡಿದು ಈ ಪ್ರಶ್ನೆಯನ್ನು ನೋಡೋಣ.

ಮೂಲಕ್ಕೆ ಹೋಗಬೇಕಾದರೆ 1960ಕ್ಕೆ ಹೋಗಬೇಕು. ಆ ವರ್ಷ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕುರಿತ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ‘ಇವ್ಯಾಲ್’ ಎಂಬ ಉತ್ಪನ್ನವೊಂದಿತ್ತು. ಲಿಸ್ಪ್ ಉಕ್ತಿಯೊಂದನ್ನು ಕೊಟ್ಟರೆ ಅದರ ಬೆಲೆಯನ್ನು ಕಂಡುಹಿಡಿಯುವುದು ಅದರ ಕೆಲಸ. ಮೆಕಾರ್ಥಿಯವರ ಮಟ್ಟಿಗೆ ಇದು ಕಾಗದದ ಮೇಲಿನ ಗಣಿತ. ಅವರ ಸಹಾಯಕ ಸ್ಟೀವ್ ರಸೆಲ್ ಇದನ್ನು ಐಬಿಎಂ 704 ಯಂತ್ರದ ಸಂಕೇತಗಳಲ್ಲಿ ಬರೆಯುತ್ತೇನೆಂದಾಗ, ನೀನು ಸಿದ್ಧಾಂತವನ್ನೂ ಪ್ರಯೋಗವನ್ನೂ ಬೆರೆಸುತ್ತಿದ್ದೀಯೆ ಎಂದು ಮೆಕಾರ್ಥಿ ಆಕ್ಷೇಪಿಸಿದ್ದರಂತೆ. ರಸೆಲ್ ಕೇಳಲಿಲ್ಲ, ಬರೆದರು, ಅದು ಓಡಿತು. ನಮ್ಮಂಥ ಭೌತವಿಜ್ಞಾನಿಗಳಿಗೆ ಈ ಜಗಳ ಹೊಸದೇನಲ್ಲ! ಲಿಸ್ಪ್‌ನಲ್ಲಿ ಕ್ರಮವಿಧಿಗೂ ದತ್ತಾಂಶಕ್ಕೂ ಒಂದೇ ರೂಪ, ಎರಡೂ ಪಟ್ಟಿಗಳು. ಇನ್ನೊಂದು ಸಣ್ಣ ನಿಯಮವನ್ನು ನೆನಪಿಟ್ಟುಕೊಳ್ಳಿ: ಉದ್ಧರಣ ಚಿಹ್ನೆಗಳ ನಡುವೆ ಬರೆದ ಅಕ್ಷರಸರಣಿಯ ಬೆಲೆ ಕೇಳಿದರೆ ಅದೇ ಅಕ್ಷರಸರಣಿ ಹಿಂದಿರುಗುತ್ತದೆ.

ಈಗ 1976. ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನವನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಇಡೀ ಬೆಳಗ್ಗೆ ಇಲ್ಲದ ದೋಷವನ್ನು ಹುಡುಕಿದ್ದರು. ಕಡತವನ್ನು ತಿದ್ದಿದ್ದರು, ಆದರೆ ಮತ್ತೆ ಕಂಪೈಲ್ ಮಾಡಲು ಮರೆತಿದ್ದರು. ಯಾವುದು ಬದಲಾಗಿದೆ, ಯಾವುದನ್ನು ಮತ್ತೆ ಕಟ್ಟಬೇಕು ಎಂಬ ಲೆಕ್ಕವನ್ನು ಮೇಕ್ ತಾನೇ ಇಟ್ಟುಕೊಳ್ಳುತ್ತದೆ. ಅದೇ 1976ರಲ್ಲಿ ಎಂಐಟಿಯಲ್ಲಿ ಮೊದಲ ಈಮ್ಯಾಕ್ಸ್ ರೂಪುಗೊಂಡಿತು. ರಿಚರ್ಡ್ ಸ್ಟಾಲ್ಮನ್ ಅದನ್ನು ಹೊಸದಾಗಿ ಬರೆದು ಜಿಎನ್‌ಯು ಈಮ್ಯಾಕ್ಸ್ ಎಂದು ಹೊರತಂದದ್ದು 1985ರಲ್ಲಿ. ಇದರ ತಿರುಳು ಸಿ ಭಾಷೆಯಲ್ಲಿದೆ, ಮಿಕ್ಕ ಬಹುಪಾಲು ಲಿಸ್ಪ್‌ನಲ್ಲಿದೆ.

ಈ ಸಂಪಾದಕದಲ್ಲಿ ‘ಕಂಪೈಲ್’ ಎಂಬ ಆಜ್ಞೆಯಿದೆ. ಅದನ್ನು ಕೊಟ್ಟರೆ ಈಮ್ಯಾಕ್ಸ್ ನಿಮಗೆ ಒಂದು ಸಾಲನ್ನು ತೋರಿಸುತ್ತದೆ, ಸಾಮಾನ್ಯವಾಗಿ ಮೇಕ್ ಅನ್ನು ಕರೆಯುವ ಸಾಲು. ನೀವು ಎಂಟರ್ ಒತ್ತಿದರೆ ಅದು ಷೆಲ್‌ಗೆ ಹೋಗುತ್ತದೆ. ದೋಷಗಳ ಪಟ್ಟಿ ಪಕ್ಕದ ಕಿಟಕಿಯಲ್ಲಿ ಮೂಡುತ್ತದೆ. ತೋರಿಸಬೇಕಾದ ಸಾಲು ಒಂದು ಚರದಲ್ಲಿ ಇರುತ್ತದೆ. ಆದರೆ ಎಲ್ಲ ಕೆಲಸಕ್ಕೂ ಒಂದೇ ಸಾಲು ಹೊಂದುವುದಿಲ್ಲ. ನಾನು ಲೇಟೆಕ್‌ನಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದರೆ ಆ ಕಡತದ ಹೆಸರೇ ಸಾಲಿನಲ್ಲಿ ಬರಬೇಕು, ನಾಳೆ ಬೇರೆ ಕಡತ ತೆರೆದರೆ ಅದರ ಹೆಸರು. ಅಕ್ಷರಸರಣಿಗೆ ಇದು ಸಾಧ್ಯವಿಲ್ಲ. ‘ಈ ಕಡತದ ಹೆಸರನ್ನು ತೆಗೆದುಕೊಂಡು ಆಜ್ಞೆಗೆ ಜೋಡಿಸು’ ಎನ್ನುವ ಉಕ್ತಿಗೆ ಸಾಧ್ಯ.

ಆದ್ದರಿಂದ ಈಮ್ಯಾಕ್ಸ್ ಚರದಲ್ಲಿರುವುದನ್ನು ಹಾಗೆಯೇ ತೋರಿಸುವುದಿಲ್ಲ. ಮೊದಲು ಅದರ ಬೆಲೆ ಕಂಡುಹಿಡಿದು, ಬಂದ ಉತ್ತರವನ್ನು ತೋರಿಸುತ್ತದೆ. ಇಲ್ಲಿ ಆ ಹಳೆಯ ನಿಯಮ ನೆರವಿಗೆ ಬರುತ್ತದೆ. ಚರದಲ್ಲಿ ಬರಿಯ ಅಕ್ಷರಸರಣಿ ಇಟ್ಟವರಿಗೆ ಅದೇ ಸಾಲು ಕಾಣುತ್ತದೆ, ಒಳಗೆ ಇವ್ಯಾಲ್ ನಡೆದದ್ದು ತಿಳಿಯುವುದೂ ಇಲ್ಲ. ಉಕ್ತಿ ಇಟ್ಟವರಿಗೆ ಹೊಸ ಶಕ್ತಿ ಸಿಗುತ್ತದೆ. ನನಗೆ ಇದು ಬಹಳ ಅಚ್ಚುಕಟ್ಟಾದ ಏರ್ಪಾಡು ಎನಿಸುತ್ತದೆ.

ತೊಡಕು ಬಂದದ್ದು ಇನ್ನೊಂದು ಬಾಗಿಲಿನಿಂದ. ಈಮ್ಯಾಕ್ಸ್‌ನಲ್ಲಿ ಕಡತದ ಕೊನೆಯಲ್ಲಿ ಕೆಲವು ಸಾಲು ಬರೆದು, ಆ ಕಡತಕ್ಕೆ ಮಾತ್ರ ಅನ್ವಯಿಸುವಂತೆ ಚರಗಳ ಬೆಲೆ ಗೊತ್ತುಪಡಿಸಬಹುದು. ಕಡತದ ಕೊನೆಯ 3000 ಅಕ್ಷರಗಳೊಳಗೆ ಸಂಪಾದಕವು ಇಂಥ ಪಟ್ಟಿಯನ್ನು ಹುಡುಕುತ್ತದೆ. ಕಂಪೈಲ್ ಸಾಲನ್ನೂ ಹೀಗೆ ಕಡತದ ಜೊತೆಗೇ ಕಳಿಸಬಹುದು. ಅಂದರೆ ಉಕ್ತಿಯನ್ನು ಬರೆದವರು ನೀವಲ್ಲ, ಕಡತ ಕಳಿಸಿದ ಯಾರೋ.

2007ರ ಈಮ್ಯಾಕ್ಸ್ 22ರಿಂದ ಇಂಥ ಚರಗಳಿಗೆ ಬಿಗಿಯಾದ ಪರೀಕ್ಷೆ ಇದೆ. ಸುರಕ್ಷಿತವೆಂದು ಗೊತ್ತಿಲ್ಲದ ಯಾವುದನ್ನೂ ನಿಮ್ಮನ್ನು ಕೇಳದೆ ಒಪ್ಪಿಕೊಳ್ಳುವುದಿಲ್ಲ. ಕಂಪೈಲ್ ಸಾಲಿನ ವಿಷಯದಲ್ಲಿ ಕೇಳದೆಯೇ ಒಪ್ಪಬೇಕಾದರೆ ಷರತ್ತು ಎರಡು: ಅದು ಅಕ್ಷರಸರಣಿಯೇ ಆಗಿರಬೇಕು, ಮತ್ತು ಓಡಿಸುವ ಮೊದಲು ಆ ಸಾಲನ್ನು ಬಳಕೆದಾರರಿಗೆ ತೋರಿಸುವ ವ್ಯವಸ್ಥೆ ಜಾರಿಯಲ್ಲಿರಬೇಕು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ಅಕ್ಷರಸರಣಿಯೂ ಕೊನೆಗೆ ಷೆಲ್‌ಗೆ ಹೋಗುವ ಆದೇಶವೇ ಅಲ್ಲವೆ? ಕಡತಗಳನ್ನು ಅಳಿಸುವ ಆಜ್ಞೆಯನ್ನು ಅದರಲ್ಲೂ ಬರೆಯಬಹುದಲ್ಲ? ನಿಜ. ವ್ಯತ್ಯಾಸವಿರುವುದು ಕಾಲಕ್ರಮದಲ್ಲಿ. ಅಕ್ಷರಸರಣಿ ಪರದೆಯ ಮೇಲೆ ಬಂದು ನಿಮ್ಮ ಎಂಟರ್‌ಗಾಗಿ ಕಾಯುತ್ತದೆ. ಉಕ್ತಿಯಾದರೆ, ಏನನ್ನು ತೋರಿಸಬೇಕು ಎಂದು ತಿಳಿಯುವುದಕ್ಕೇ ಅದನ್ನು ಓಡಿಸಬೇಕು. ನಿಮ್ಮ ಕಣ್ಣಿಗೆ ಸಾಧುವಾದ ಸಾಲೊಂದು ಬೀಳುವ ಹೊತ್ತಿಗೆ ಉಕ್ತಿ ತನ್ನ ಕೆಲಸ ಮುಗಿಸಿರುತ್ತದೆ.

ತೋರಿಸಿದರೂ ಓದುವವರು ಬೇಕು, ಬಿಡಿ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರು ರೋಹಿತ ವಿಶ್ಲೇಷಣೆಯ ಫೋರ್ಟ್ರಾನ್ ಕ್ರಮವಿಧಿಯೊಂದನ್ನು ಕಳಿಸಿದ್ದರು. ಅದರ ಕೊನೆಯಲ್ಲಿದ್ದ ಕಂಪೈಲ್ ಸಾಲು ಮೊದಲು ಹಳೆಯ ಫಲಿತಾಂಶದ ಕಡತಗಳನ್ನು ಗುಡಿಸಿಹಾಕಿ ಆಮೇಲೆ ಕಟ್ಟುವಂಥದ್ದು. ಸಾಲು ಪರದೆಯ ಮೇಲೆ ಸ್ಪಷ್ಟವಾಗಿಯೇ ಇತ್ತು. ನಾನು ಅಭ್ಯಾಸಬಲದಿಂದ ಎಂಟರ್ ಒತ್ತಿದೆ. ಅದೇ ಕೋಶದಲ್ಲಿದ್ದ, ಮೂರು ರಾತ್ರಿ ಓಡಿಸಿದ್ದ ನನ್ನ ಲೆಕ್ಕದ ಫಲಿತಾಂಶವೂ ಕಸದೊಡನೆ ಹೋಯಿತು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ.

ಬೇರೆಡೆಯೂ ಇದೇ ಪ್ರಶ್ನೆ ಎದ್ದಿದೆ. ಪೈಥಾನ್ 2 ಕಲಿಸಿದ ಅಧ್ಯಾಪಕರಿಗೆ ನೆನಪಿರಬಹುದು: ‘ಇನ್‌ಪುಟ್’ ಎಂದು ಬರೆದು ವಯಸ್ಸು ಕೇಳಿದರೆ, ವಿದ್ಯಾರ್ಥಿ 10 + 7 ಎಂದು ಒತ್ತಿದರೂ 17 ಎಂದೇ ಬರುತ್ತಿತ್ತು. ಒತ್ತಿದ್ದೆಲ್ಲ ಉಕ್ತಿ! 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3ರಲ್ಲಿ ಅದು ಅಕ್ಷರಸರಣಿಯನ್ನಷ್ಟೇ ಕೊಡುತ್ತದೆ. 2019ರಲ್ಲಿ ವಿಮ್ ಸಂಪಾದಕದ ದೋಷವೊಂದು ಬಯಲಾಯಿತು. ಕಡತದಲ್ಲಿ ಹುದುಗಿಸಿದ ಹೊಂದಾಣಿಕೆಯ ಸಾಲಿನಲ್ಲಿ ಬರಬಹುದಾದ ಉಕ್ತಿಗಳಿಗೆ ವಿಮ್ ಒಂದು ಬೇಲಿ ಹಾಕಿತ್ತು. ಆ ಬೇಲಿಯನ್ನು ದಾಟುವ ದಾರಿ ಉಳಿದಿತ್ತು. ಆ ಸೌಲಭ್ಯ ಚಾಲೂ ಇದ್ದರೆ, ಕಡತವನ್ನು ತೆರೆದ ಮಾತ್ರಕ್ಕೇ ಅನ್ಯರ ಆಜ್ಞೆ ಓಡಬಹುದಿತ್ತು.

ಈಮ್ಯಾಕ್ಸ್‌ನಲ್ಲೂ ಕಥೆ ಮುಗಿದಿಲ್ಲ. ಲಿಸ್ಪ್ ಕಡತವನ್ನು ಬರಿದೆ ತಿದ್ದುತ್ತಿರುವಾಗ, ಪದಪೂರಣದಂಥ ಸೌಲಭ್ಯಗಳು ಅದರೊಳಗಿನ ಮ್ಯಾಕ್ರೊಗಳನ್ನು ಬಿಡಿಸಲು ಹೋಗಿ ಅವನ್ನು ಓಡಿಸಿಬಿಡುತ್ತಿದ್ದವು. 2025ರ ಫೆಬ್ರುವರಿಯಲ್ಲಿ ಬಂದ 30.1ನೆಯ ಆವೃತ್ತಿ ಇದಕ್ಕೆ ತಡೆ ಹಾಕಿತು. ಯಾವ ಕಡತಗಳನ್ನು, ಯಾವ ಕೋಶಗಳನ್ನು ನಂಬುತ್ತೀರಿ ಎಂಬ ಪಟ್ಟಿಯೊಂದನ್ನು ಅದರಲ್ಲಿ ನೀವೇ ತುಂಬಬೇಕು. ಸಂಪಾದಕವನ್ನು ಹೊಸದಾಗಿ ಸ್ಥಾಪಿಸಿದಾಗ ಆ ಪಟ್ಟಿ ಖಾಲಿ ಇರುತ್ತದೆ.