ಹುತ್ರಿದುರ್ಗ, ತಾತನ ಕೋವಿ ಮತ್ತು ಒಂದು ನಳಿಗೆಯ ಕಥೆ

ಮೊನ್ನೆ ಭಾನುವಾರ ಹುತ್ರಿದುರ್ಗ ಹತ್ತಿದ್ವಿ. ಮಾಗಡಿ ದಾಟಿ ಕುಣಿಗಲ್ ಕಡೆ ಹೋಗಬೇಕು, ಬೆಂಗಳೂರಿಂದ ಸುಮಾರು 70 ಕಿ.ಮೀ. ಜೊತೆಗೆ ಅಮೆರಿಕದಿಂದ ರಜಕ್ಕೆ ಬಂದಿದ್ದ ಭಾವ. ಒಂದಾದ ಮೇಲೊಂದು ಕೋಟೆ ಬಾಗಿಲು ದಾಟಿ, ಮೇಲೆ ಶಂಕರೇಶ್ವರನ ಗುಡಿ ಹತ್ತಿರ ಕೂತು ಚಿತ್ರಾನ್ನ ತಿನ್ನುವಾಗ ಭಾವ ಹೇಳಿದ್ರು: "ಅಲ್ಲಿ ನಮ್ಮ ಪಕ್ಕದ ಮನೆಯವನು ಗ್ಯಾರೇಜಿನಲ್ಲೇ ರೈಫಲ್ ನಳಿಗೆ ಬದಲಾಯಿಸ್ತಾನೆ ಕಣೋ, ನಾವು ಸೈಕಲ್ ಟ್ಯೂಬ್ ಬದಲಾಯಿಸಿದ ಹಾಗೆ!"

ನನಗೆ ತಕ್ಷಣ ನೆನಪಾಗಿದ್ದು ನಮ್ಮ ತಾತನ ಕೇಪಿನ ಕೋವಿ.

ಕಾಡುಹಂದಿ ಕಾಟಕ್ಕೆ ಅಂತ ಲೈಸೆನ್ಸ್ ತಗೊಂಡಿದ್ದ ಒಂಟಿ ನಳಿಗೆ ಕೋವಿ ಅದು. ನಳಿಗೆ ತುಕ್ಕು ಹಿಡಿದು ತೂತು ಬೀಳೋ ಹಾಗಾಗಿತ್ತು. ತಾತ ಅದನ್ನ ಊರಿನ ಕುಲುಮೆಗೆ ಒಯ್ದರೆ ಆಚಾರಿ ಕೈ ಮುಗಿದುಬಿಟ್ಟ. "ಗುದ್ದಲಿ ಬೇಕಾದ್ರೆ ತಟ್ಟಿ ಕೊಡ್ತೀನಿ ಗೌಡ್ರೇ, ಇದನ್ನ ಮಾತ್ರ ಮುಟ್ಟಲ್ಲ. ನಮ್ಮಪ್ಪ ಮಾಡ್ತಿದ್ದ, ನಾನು ಮಾಡಿದ್ರೆ ಜೈಲು." ಮುಂದಿನ ಚುನಾವಣೆ ಹೊತ್ತಿಗೆ ಎಲ್ಲರಂತೆ ಕೋವಿನ ಸ್ಟೇಷನ್‌ನಲ್ಲಿ ಇಟ್ಟು ಬಂದ ತಾತ ಮತ್ತೆ ತರಲಿಕ್ಕೆ ಹೋಗಲೇ ಇಲ್ಲ.

ಅಪ್ಪ ಮಾಡ್ತಿದ್ದ ಕೆಲಸ ಮಗ ಮಾಡಿದರೆ ಜೈಲು! ಇದು ಹೇಗಾಯ್ತು ಅಂತ ಬೆಟ್ಟ ಇಳಿದ ಮೇಲೆ ಒಂದಷ್ಟು ಓದಿದೆ.

ನಮ್ಮ ಸೀಮೆ ಕಬ್ಬಿಣದ ಸೀಮೆ. 1800ರಲ್ಲಿ ಇಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಮಳೆನೀರು ಕೊಚ್ಚಿ ತಂದ ಕಪ್ಪು ಮರಳನ್ನು ತೊಳೆದು, ಕರಗಿಸಿ ಕಬ್ಬಿಣ ತೆಗೆಯೋದನ್ನ ವಿವರವಾಗಿ ಬರೆದಿದ್ದಾನೆ. ಅಂಥ ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದರೆ ನಳಿಗೆ. ಹಳೇ ಬತ್ತಿ ಕೋವಿಗಳಲ್ಲಿ ನಳಿಗೆಯನ್ನು ಮರಕ್ಕೆ ಲೋಹದ ಪಟ್ಟಿಯಿಂದಲೋ ಚರ್ಮದ ದಾರದಿಂದಲೋ ಕಟ್ಟುತ್ತಿದ್ದರು. ಕಟ್ಟು ಬಿಚ್ಚಿದರೆ ನಳಿಗೆ ಬಂತು! ಮರ ಮುರಿದರೆ ಹಳೇ ನಳಿಗೆಗೆ ಹೊಸ ಮರ, ನಳಿಗೆ ಸೀಳಿದರೆ ಹಳೇ ಮರಕ್ಕೆ ಬೇರೆ ನಳಿಗೆ. ಬಡಗಿ ಮತ್ತು ಕಮ್ಮಾರ ಇಬ್ಬರಿದ್ದರೆ ಸಾಕಿತ್ತು.

ಟಿಪ್ಪು ಕಾಲಕ್ಕೆ ಇದೇ ಕೆಲಸ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ದೊಡ್ಡದಾಗಿ ನಡೀತು. ಕೋವಿ ಅಷ್ಟೇ ಅಲ್ಲ, ಕಬ್ಬಿಣದ ಕೊಳವೆಯ ರಾಕೆಟ್ಟೂ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆದರೆ 1791ರ ಡಿಸೆಂಬರ್ 21ಕ್ಕೆ ಸಾವನದುರ್ಗ ಬ್ರಿಟಿಷರಿಗೆ ಬಿತ್ತು. ಮೂರೇ ದಿನಕ್ಕೆ, ಡಿಸೆಂಬರ್ 24ಕ್ಕೆ, ನಾವು ಚಿತ್ರಾನ್ನ ತಿಂದ ಹುತ್ರಿದುರ್ಗವೂ ಬಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾರ್ಖಾನೆಗಳ ಕಥೆಯೂ ಮುಗೀತು.

ಆಮೇಲೆ ಬಂದದ್ದು ಕಾನೂನು. 1857ರ ದಂಗೆ ಕಂಡ ಬ್ರಿಟಿಷರಿಗೆ ನಮ್ಮ ಕೈಯಲ್ಲಿನ ಕೋವಿ ಅಂದ್ರೆ ಭಯ. 1861ರಲ್ಲೇ ಕೊಡವರಿಗೆ ವಿನಾಯಿತಿ ಕೊಟ್ಟರು (ಅದು ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ). ಬ್ರಿಟಿಷ್ ಇಂಡಿಯಾದ ಉಳಿದವರಿಗೆ 1878ರ ಆರ್ಮ್ಸ್ ಆಕ್ಟ್. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ನಮ್ಮದೇ ಆರ್ಮ್ಸ್ ಆಕ್ಟ್. ಅದರ ಪ್ರಕಾರ ಕೋವಿಯ ಬಿಡಿಭಾಗವೂ ಕೋವಿಯೇ. ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿಕೊಡೋದೂ ತಪ್ಪು. ಆಚಾರಿ ಕೈ ಮುಗಿದಿದ್ದು ಸುಮ್ನೆ ಅಲ್ಲ.

ಎಲ್ಲಕ್ಕಿಂತ ತಮಾಷೆ ಅನ್ನಿಸಿದ್ದು .315 ರೈಫಲ್ ಕಥೆ. ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನದು .303 ಗುಂಡು. ಆ ಗುಂಡು ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು ಆ ಅಳತೆಯನ್ನೇ ಜನಕ್ಕೆ ನಿಷೇಧಿಸಿದರು. ಕಂಪನಿಗಳು ಏನು ಮಾಡಿದವು? ಅದೇ ರೈಫಲ್ಲಿನ ಮೈಗೆ, ಆಸ್ಟ್ರಿಯಾದ ಸೇನೆ ಬಳಸ್ತಿದ್ದ 8 ಮಿ.ಮೀ. ಗುಂಡಿನ ನಳಿಗೆ ಹಾಕಿ ಮಾರಿದವು! ಸ್ವತಂತ್ರ ಭಾರತದ ಆರ್ಡ್ನೆನ್ಸ್ ಕಾರ್ಖಾನೆಗಳೂ ಅದನ್ನೇ .315 ಸ್ಪೋರ್ಟಿಂಗ್ ರೈಫಲ್ ಅಂತ ಮುಂದುವರಿಸಿದವು. ಚೀನಾ ಯುದ್ಧ ಆದಮೇಲೆ, 1960ರ ದಶಕದಲ್ಲಿ, ಇಶಾಪುರದ ಕಾರ್ಖಾನೆ ಹಳೇ ವಿನ್ಯಾಸಕ್ಕೇ ಇನ್ನೂ ಗಟ್ಟಿ ಉಕ್ಕು ಬಳಸಿ, 7.62 ಮಿ.ಮೀ. ನಳಿಗೆ ಇಟ್ಟು ಸೇನೆಗೆ ರೈಫಲ್ ಮಾಡಿಕೊಟ್ಟಿತು. ಅಂದರೆ ನಳಿಗೆ ಬದಲಿಸೋ ಕೆಲಸ ನಿಲ್ಲಲಿಲ್ಲ, ಊರಿನ ಕುಲುಮೆಯಿಂದ ಸರ್ಕಾರದ ಕಾರ್ಖಾನೆಗೆ ಹೋಯ್ತು ಅಷ್ಟೆ.

ಭಾವನ ಪಕ್ಕದ ಮನೆಯವನ ವಿಷಯ? ಅಲ್ಲಿನ ಫೆಡರಲ್ ಕಾನೂನಿನಲ್ಲಿ ಬಂದೂಕು ಅಂದ್ರೆ ಅದರ ಮೈ, ಅಂದರೆ ಬೋಲ್ಟ್ ಕೂರುವ ಭಾಗ. ನಳಿಗೆ ಬರೀ ಬಿಡಿಭಾಗ. 1958ರಲ್ಲಿ ಬಂದ ಸ್ಯಾವೇಜ್ 110 ಅನ್ನೋ ಅಗ್ಗದ ರೈಫಲ್ಲಿನಲ್ಲಿ ನಳಿಗೆಯನ್ನು ಒಂದು ನಟ್ಟಿನಿಂದ ಬಿಗಿದಿರ್ತಾರೆ, ಅದಕ್ಕೇ ಗ್ಯಾರೇಜಿನಲ್ಲೂ ಆಗುತ್ತೆ. ಆದರೂ ಸೈಕಲ್ ಟ್ಯೂಬ್ ಅಲ್ಲ ಭಾವ. ನಳಿಗೆಗೂ ಬೋಲ್ಟಿಗೂ ನಡುವಿನ ಅಳತೆ ಕೂದಲೆಳೆ ತಪ್ಪಿದರೆ ತೋಟಾ ಒಡೆದು ಮುಖಕ್ಕೇ ಬರುತ್ತೆ!

ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಮನೆಮನೆಯಲ್ಲಿ ಬಂದೂಕಿದ್ರೆ ಏನಾಗುತ್ತೆ ಅಂತ ಅಮೆರಿಕದ ಸುದ್ದಿ ದಿನಾ ಹೇಳುತ್ತೆ. ನನ್ನ ಸಂಕಟ ಆ ಆಚಾರಿದು. ಅವನಪ್ಪನಿಗೆ ಗೊತ್ತಿದ್ದ ವಿದ್ಯೆ ಅವನ ಮಗನಿಗೆ ಗೊತ್ತಿಲ್ಲ. ಆ ಮಗ ಈಗ ಗ್ರಿಲ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಕಪ್ಪು ಮರಳಿನಿಂದ ಕಬ್ಬಿಣ ತೆಗೀತಿದ್ರಂತೆ ಅಂದ್ರೆ ನಗ್ತಾನೆ.

ನಿಮ್ಮೂರಿನ ಕುಲುಮೆಯಲ್ಲಿ ಕೋವಿ ಮಾಡ್ತಿದ್ದವರ ಕಥೆ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಬರೀರಿ. ಹಿರಿಯರು ಇರುವಾಗಲೇ ಕೇಳಿಬಿಡಿ. ನಾನು ತಾತನ್ನ ಕೇಳಲಿಲ್ಲ.