ಕೂಲಿಮಠದಲ್ಲಿ ವರಹದ ಲೆಕ್ಕ

ನೂರು ಪೈಸೆಗೆ ಒಂದು ರೂಪಾಯಿ ಎಂದು ಬಳ್ಳಾರಿಯ ಸತ್ಯನಾರಾಯಣಪೇಟೆಯ ಯಾವ ಮಗುವಾದರೂ ಇಂದು ಥಟ್ಟನೆ ಹೇಳುತ್ತದೆ. ಇನ್ನೂರು ವರ್ಷಗಳ ಹಿಂದೆ ಇದೇ ಜಿಲ್ಲೆಯ ಮಕ್ಕಳಿಗೆ ಹಣದ ಲೆಕ್ಕ ಇಷ್ಟು ಸುಲಭವಾಗಿರಲಿಲ್ಲ. ಆದರೂ ಅವರು ಅದನ್ನು ಕಲಿಯುತ್ತಿದ್ದರು.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ವಿವರ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದರು. ಅನಂತಪುರವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗಿನವು 226. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೂಡುವ, ಕಳೆಯುವ ಲೆಕ್ಕವಾದ ಮೇಲೆ ಹಣವನ್ನೂ ಅಳತೆಯನ್ನೂ ದೊಡ್ಡ ಮಾನದಿಂದ ಚಿಕ್ಕ ಮಾನಕ್ಕೆ ಇಳಿಸುವುದನ್ನು ಕಲಿಯುತ್ತಿದ್ದರು. ಭಿನ್ನರಾಶಿಗಳು ಹತ್ತರಿಂದಲ್ಲ, ನಾಲ್ಕರಿಂದ ಇಳಿಯುತ್ತಿದ್ದವು. ದಿನಕ್ಕೆರಡು ಬಾರಿ ಸಾಲಾಗಿ ನಿಂತು ಅವನ್ನು ಬಾಯಿಪಾಠ ಒಪ್ಪಿಸಬೇಕಿತ್ತು.

ನಾಲ್ಕೇ ಏಕೆಂದು ನೀವು ಕೇಳಬಹುದು. ಕಾಲಿನ ಕಾಲು ವೀಸ, ಎಂದರೆ ಹದಿನಾರರಲ್ಲಿ ಒಂದು ಪಾಲು. ರೂಪಾಯಿಗೆ ಹದಿನಾರು ಆಣೆ. ಆದ್ದರಿಂದ ಈ ಬಾಯಿಪಾಠವೇ ಸಂತೆಯ ಲೆಕ್ಕವೂ ಆಗಿತ್ತು.

ಅದರ ಅಗತ್ಯ ಆಗ ಹೆಚ್ಚಿತ್ತು. 1818ರಲ್ಲಿ ಮದ್ರಾಸ್ ಸರ್ಕಾರ ಚಿನ್ನದ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಪ್ರಮಾಣ ನಾಣ್ಯವಾಗಿ ಮಾಡಿತು. ಸರ್ಕಾರಿ ಲೆಕ್ಕದಲ್ಲಿ ವರಹಕ್ಕೆ 42 ಹಣ, ಹಣಕ್ಕೆ 80 ಕಾಸು. 100 ವರಹಕ್ಕೆ 350 ರೂಪಾಯಿ ಎಂದು ನಿಗದಿಯಾಯಿತು. ರೈತನೊಬ್ಬನ ಕಂದಾಯ 7 ವರಹ 21 ಹಣ ಎಂದಿಟ್ಟುಕೊಳ್ಳಿ. ಏಳಕ್ಕೆ ಇಪ್ಪತ್ನಾಲ್ಕೂವರೆ ರೂಪಾಯಿ. ಉಳಿದ ಅರ್ಧ ವರಹಕ್ಕೆ ಒಂದೂಮುಕ್ಕಾಲು. ಒಟ್ಟು 26 ರೂಪಾಯಿ 4 ಆಣೆ. ಇದನ್ನು ಬಾಯಲ್ಲೇ ಹೇಳಬಲ್ಲ ಮಗ ಮನೆಯಲ್ಲಿದ್ದರೆ ಸರಾಫನ ವಟ್ಟಕ್ಕೆ ರೈತ ಸುಮ್ಮನೆ ತಲೆಬಾಗಬೇಕಿರಲಿಲ್ಲ.

ಆದರೆ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಬರೆದಿದ್ದಾರೆ. ಜನರ ಬಡತನ ಹೆಚ್ಚುತ್ತಿದೆ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ ಎಂದು. ನಾಣ್ಯ ಬದಲಾಗಿ ಲೆಕ್ಕ ಬೇಕಾದ ಹೊತ್ತಿಗೇ ಲೆಕ್ಕ ಕಲಿಸುವ ಜಗಲಿಗಳು ಬರಿದಾಗುತ್ತಿದ್ದವು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಕಾಲು-ವೀಸದ ಲೆಕ್ಕ ಹಿಂದೆ ಸರಿಯಿತು. ಆದರೂ ಶಾಸನದಲ್ಲೋ ಹಳೆಯ ಕಡತದಲ್ಲೋ 'ಹತ್ತು ವರಹ' ಎಂದು ಕಂಡಾಗ ಇಂದಿನ ಬೆಲೆ ಎಷ್ಟೆಂದು ಮಕ್ಕಳು ಕೇಳುವುದುಂಟು. ವರಹದ ತೂಕ ಸುಮಾರು 3.4 ಗ್ರಾಂ, ಅದನ್ನು ಇಂದಿನ ಚಿನ್ನದ ದರದಿಂದ ಗುಣಿಸಿ ಸುಮ್ಮನಾಗಬೇಡಿ. ಅದು ಅಪ್ಪಟ ಚಿನ್ನವಲ್ಲ, ಬೆರಕೆಯುಂಟು. 180 ಗ್ರೇನ್ ತೂಗುತ್ತಿದ್ದ ಮದ್ರಾಸಿನ ರೂಪಾಯಿಯಲ್ಲೂ ಹನ್ನೆರಡರಲ್ಲಿ ಹನ್ನೊಂದು ಪಾಲು ಮಾತ್ರ ಬೆಳ್ಳಿ. ಚಿನ್ನಕ್ಕೆ ಎಷ್ಟು ಬೆಳ್ಳಿ ಎಂಬುದೂ ಕಾಲಕಾಲಕ್ಕೆ ಬದಲಾಗಿದೆ. ಯಾವ ಕಾಲದ ನಾಣ್ಯ, ಎಷ್ಟು ತೂಕ, ಎಷ್ಟು ಶುದ್ಧ, ಅಂದು ಅದಕ್ಕೆ ಎಷ್ಟು ಜೋಳ ಬರುತ್ತಿತ್ತು—ಈ ನಾಲ್ಕನ್ನೂ ಮಕ್ಕಳಿಂದಲೇ ಕೇಳಿಸಿರಿ. ಮನೆಯಲ್ಲಿ ಆಣೆ-ಪೈಗಳನ್ನು ಎಣಿಸಿ ಬಲ್ಲ ಹಿರಿಯರಿದ್ದರೆ ಮೊದಲ ಪಾಠ ಅವರಿಂದಲೇ ಆಗಲಿ.